ಉಸಿರಿನ ಸರದಿ

ಹಾಡಿನ ಕೂಟದವರು ಅವಳನ್ನು ಪರದೆಯಕ್ಕ ಎಂದು ಕರೆಯುತ್ತಿದ್ದರು. ಪರದೆ ಹೊಲಿಯುವುದು ಅವಳ ಕಸುಬು. ಊರಿನ ಅರ್ಧ ಕಿಟಕಿಗಳ ಮಾನ ಅವಳ ಕೈಯಲ್ಲಿತ್ತು. ಹಗಲೆಲ್ಲ ಬಟ್ಟೆಯ ಮಡಿಕೆಗಳಿಗೆ ಗುಂಡುಸೂಜಿ ಚುಚ್ಚಿ, ಅಂಚು ಮಡಿಚಿ, ಬೆಳಕು ಮಾಸುವ ಹೊತ್ತಿಗೆ ಮೈಮೇಲಿನ ನೂಲಿನ ಚೂರುಗಳನ್ನು ಕೊಡವಿಕೊಂಡು ಮುದ್ರಣಾಲಯದ ಮಹಡಿ ಹತ್ತುವಳು. ಎಷ್ಟು ಕೊಡವಿದರೂ ಒಂದೆರಡು ಎಳೆ ತೋಳಿಗೆ ಅಂಟಿಕೊಂಡು ಅವಳ ಜೊತೆ ಹಾಡಿಗೆ ಬರುತ್ತಿದ್ದವು.

ಮಹಡಿಯ ಉದ್ದನೆಯ ಕೋಣೆಯಲ್ಲಿ ವಾರಕ್ಕೊಂದು ಸಂಜೆ ದೇವರ ಹಾಡಿನ ಅಭ್ಯಾಸ. ಕೆಳಗೆ ಅಚ್ಚಿನ ಯಂತ್ರ ಓಡುತ್ತಿದ್ದರೆ ಹಲಗೆಯ ನೆಲ ಸಣ್ಣಗೆ ಗುಂಯ್‌ಗುಡುತ್ತಿತ್ತು. ಆ ಗುಂಯ್ ಅಂಗಾಲಿನಿಂದ ಮೊಣಕಾಲಿಗೆ, ಮೊಣಕಾಲಿನಿಂದ ಎದೆಗೆ ಏರಿ, ಹಾಡು ಶುರುವಾಗುವ ಮೊದಲೇ ಮೈ ಅರ್ಧ ಹಾಡಿ ಮುಗಿಸಿರುತ್ತಿತ್ತು. ಮಸಿಯ ವಾಸನೆ ಮೆಟ್ಟಿಲು ಹತ್ತಿ ಮೇಲೆ ಬರುವುದು. ಇಷ್ಟು ವರ್ಷಗಳಲ್ಲಿ ಪರದೆಯಕ್ಕನಿಗೆ ದೇವರೆಂದರೆ ಮಸಿಯ ವಾಸನೆಯೇ ಆಗಿಹೋಗಿತ್ತು.

ಕೂಟ ನಡೆಸುತ್ತಿದ್ದವರು ಹಿಂದೆ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. "ಕೆಲಸ ಬಿಟ್ಟೆ, ಹೆಸರು ನನ್ನ ಬಿಡಲಿಲ್ಲ ನೋಡಿ" ಎಂದು ಹೊಸಬರಿಗೆಲ್ಲ ತಪ್ಪದೆ ಹೇಳುವರು. ಹಾಡು ಹೊರಡಬೇಕಾದರೆ "ರೈಟ್" ಅನ್ನುವರು, ನಿಲ್ಲಬೇಕಾದರೆ "ಹೋಲ್ಡಾನ್". ಕೆಳದನಿಯ ಗಂಡಸರ ಸಾಲಿನಲ್ಲಿದ್ದ ಹಲ್ಲಿನ ಡಾಕ್ಟರಿಗೂ ಅವರಿಗೂ ಪ್ರತಿ ವಾರ ಒಂದು ಜಗ್ಗಾಟ.

"ಡಾಕ್ಟ್ರೇ, ಊರಿನವರದ್ದೆಲ್ಲ ಬಾಯಿ ತೆಗೆಸ್ತೀರಿ. ನಿಮ್ಮದು ಮಾತ್ರ ತೆಗೆಯಲ್ಲ."

"ನೋವಿಲ್ದೆ ಯಾರು ಸ್ವಾಮಿ ಬಾಯಿ ತೆಗೀತಾರೆ?"

ಪರದೆಯಕ್ಕನದು ನಡುದನಿ. ನಡುದನಿ ಎಂದರೆ ಯಾರೂ ಕೇಳಿಸಿಕೊಳ್ಳದ ದನಿ. ಮೇಲ್ದನಿಯವರಿಗೆ ರಾಗ ಸಿಗುತ್ತದೆ, ಕೆಳದನಿಯವರಿಗೆ ಗತ್ತು ಸಿಗುತ್ತದೆ, ನಡುವಿನವರಿಗೆ ಒಂದು ಸ್ವರವನ್ನು ಹಿಡಿದುಕೊಂಡು ನಿಲ್ಲುವ ಕೆಲಸ. ಪರದೆಯ ಹಿಂದೆ ಹಾಕುವ ಅಸ್ತರಿನ ಹಾಗೆ. ಇದ್ದಾಗ ಯಾರೂ ನೋಡುವುದಿಲ್ಲ. ಇಲ್ಲದಿದ್ದರೆ ಬಿಸಿಲು ಒಳಗೆ ನುಗ್ಗಿದಾಗಲೇ ಗೊತ್ತಾಗುವುದು. ಅವಳಿಗೆ ಅದೇ ಹಿತವಾಗಿತ್ತು. ಎಲ್ಲರ ನಡುವೆ ನಿಂತು, ತನ್ನ ದನಿ ಯಾವುದು, ಪಕ್ಕದವರದು ಯಾವುದು ಎಂದು ತನಗೇ ತಿಳಿಯದಂತಾಗುವ ಒಂದು ಗಳಿಗೆಗಾಗಿ ಅವಳು ವಾರವಿಡೀ ಹೊಲಿಯುತ್ತಿದ್ದಳು.

ಆ ಕೂಟದಲ್ಲಿ ಒಂದು ರೂಢಿಯಿತ್ತು. ಉದ್ದನೆಯ ಸ್ವರ ಬಂದಾಗ ಪಕ್ಕದವರು ಉಸಿರು ತೆಗೆದುಕೊಳ್ಳುವ ಕಡೆ ನೀವು ತೆಗೆದುಕೊಳ್ಳುವ ಹಾಗಿಲ್ಲ. ಅವರು ಬಿಟ್ಟಲ್ಲಿ ನೀವು ಹಿಡಿದಿರಬೇಕು, ನೀವು ಬಿಟ್ಟಲ್ಲಿ ಅವರು. ಕೂತು ಕೇಳುವವರಿಗೆ ಎಲ್ಲೂ ಉಸಿರಾಡದ ಒಂದೇ ದನಿ ಕೇಳಬೇಕು. ಅದಕ್ಕಾಗಿ ಹೊಸ ಹಾಡು ಕಲಿಸಿದ ದಿನ ಕಂಡಕ್ಟರ್ "ಸರದಿ ಮಾಡ್ಕೊಳ್ಳಿ" ಎಂದು ಕೂಗುವರು. ಎಲ್ಲರೂ ಇಬ್ಬಿಬ್ಬರಾಗಿ ಮುಖಾಮುಖಿ ತಿರುಗಿ, ನೀನು ಈ ಅಕ್ಷರದಲ್ಲಿ ತಗೋ ನಾನು ಆ ಅಕ್ಷರದಲ್ಲಿ ತಗೋತೀನಿ ಎಂದು ಚೌಕಾಸಿ ಶುರುಮಾಡುವರು. ಕೋಣೆ ಒಂದು ಕ್ಷಣ ಸಂತೆಯಾಗುವುದು.

ತಿರುಗದೆ ನೆಟ್ಟಗೆ ನಿಲ್ಲುತ್ತಿದ್ದವರು ಇಬ್ಬರೇ. ಪರದೆಯಕ್ಕ, ಮತ್ತು ಅವಳ ಎಡಪಕ್ಕದಲ್ಲಿ ನಿಲ್ಲುತ್ತಿದ್ದ ಓರಗಿತ್ತಿ, ಅಂದರೆ ಅವಳ ಮೈದುನನ ಹೆಂಡತಿ. ಇಬ್ಬರೂ ಮಾತು ಬಿಟ್ಟು ವರ್ಷಗಳಾಗಿದ್ದವು.

ಇಬ್ಬರನ್ನೂ ಈ ಕೂಟಕ್ಕೆ ಕರೆತಂದವರು ಅತ್ತೆ. ಅತ್ತೆ ನಡುವೆ ನಿಲ್ಲುವರು, ಸೊಸೆಯರು ಆಚೆಗೊಬ್ಬಳು ಈಚೆಗೊಬ್ಬಳು. ಅತ್ತೆ ತೀರಿಕೊಂಡ ಮೇಲೆ ಆ ಜಾಗ ಕೆಲವು ವಾರ ಹಾಗೇ ಇತ್ತು. ಆಮೇಲೆ ಒಂದು ಸಂಜೆ ಕಂಡಕ್ಟರ್ ಹಳೆಯ ಅಭ್ಯಾಸಬಲದಿಂದ "ನಡುವೆ ಜಾಗ ಬಿಡ್ಬೇಡಿ, ಒತ್ತಿ ನಿಂತ್ಕೊಳ್ಳಿ, ಒತ್ತಿ" ಎಂದಾಗ ಇಬ್ಬರೂ ಒಂದೊಂದು ಹೆಜ್ಜೆ ಸರಿದು, ತೋಳಿಗೆ ತೋಳು ತಾಗಿಸಿಕೊಂಡು ನಿಂತರು. ಮಾತಿರಲಿಲ್ಲ. ಆದರೂ ಅವರ ಸ್ವರ ಒಮ್ಮೆಯೂ ನಡುವೆ ಹರಿದು ತುಂಡಾಗಿರಲಿಲ್ಲ. ಓರಗಿತ್ತಿ ಉಸಿರೆಳೆಯುವ ಮೊದಲು ಅವಳ ಮೂಗಿನಲ್ಲಿ ಒಂದು ಸಣ್ಣ ಸದ್ದಾಗುತ್ತಿತ್ತು, ಪುಸ್ತಕದ ಹಾಳೆ ತಿರುವಿದಷ್ಟು ಸಣ್ಣದು. ಅದು ಕೇಳುವವರೆಗೆ ಪರದೆಯಕ್ಕ ತನ್ನದನ್ನು ಹಿಡಿದಿಡುವಳು. ಆ ಉಸಿರಿನಿಂದಲೇ ಅವಳಿಗೆ ಎಲ್ಲ ತಿಳಿಯುವುದು: ಓರಗಿತ್ತಿಗೆ ಶೀತವಾಗಿದೆ, ಇವತ್ತು ಓಡಿಕೊಂಡು ಬಂದಿದ್ದಾಳೆ, ಮನೆಯಲ್ಲಿ ಅತ್ತು ಬಂದಿದ್ದಾಳೆ. ಕೇಳುವ ಹಾಗಿಲ್ಲ, ಹೇಳುವ ಹಾಗಿಲ್ಲ, ಗೊತ್ತಾಗುವುದು ಮಾತ್ರ ತಪ್ಪುತ್ತಿರಲಿಲ್ಲ.

ಆ ಚಳಿಗಾಲದ ಕೊನೆಗೆ ದೊಡ್ಡ ಪ್ರಾರ್ಥನಾ ಮಂದಿರದಲ್ಲಿ ಒಂದು ಸಂಜೆ ಹಾಡಬೇಕಿತ್ತು. ಹಾಡಿನ ಕೊನೆಯ ಸಾಲು ಹೀಗೆ: 'ನಿನ್ನ ಮೌನದ ಮಡಿಲಲಿ ನಾವು.' ಕೆಳದನಿ ಮೊದಲು ನಿಲ್ಲುತ್ತದೆ, ಆಮೇಲೆ ಮೇಲ್ದನಿ. ನಡುದನಿಯೊಂದೇ 'ನಾ' ಎಂಬುದನ್ನು ಹಿಡಿದು, ಎಳೆದು, ಎಳೆದು, ಕಡೆಗೆ 'ವು' ಎಂದು ಇಳಿಸಬೇಕು. ನಡುದನಿಯ ಉಳಿದ ಹೆಂಗಸರೆಲ್ಲ ಆ ವಾರ ಗಂಟಲು ಕಟ್ಟಿ ಮನೆಯಲ್ಲಿ ಮಲಗಿದ್ದರು. ಉಳಿದವರು ಇವರಿಬ್ಬರು.

"ನೋಡಿ, ದಾರೀಲಿ ನಿಂತುಹೋದ್ರೆ 'ನಾ' ಅಷ್ಟೇ ಉಳಿಯೋದು" ಎಂದರು ಕಂಡಕ್ಟರ್. "ದೇವರ ಮುಂದೆ ನಾ ನಾ ಅಂದ್ಕೊಂಡು ನಿಂತ್ರೆ ಮರ್ಯಾದೆಯಾ? 'ವು' ತಲುಪಲೇಬೇಕು. ರೈಟ್."

ಕೆಳದನಿ ನಿಂತಿತು. ಮೇಲ್ದನಿ ನಿಂತಿತು. 'ನಾ' ಎಂಬ ಒಂದೇ ಎಳೆ ಕೋಣೆಯಲ್ಲಿ ತೂಗಾಡಿತು. ಪರದೆಯಕ್ಕ ಎಂದಿನಂತೆ ಎಡಗಿವಿಯನ್ನು ಅತ್ತ ಕೊಟ್ಟು ಕಾದಳು. ಹಾಳೆ ತಿರುವುವ ಸದ್ದು ಬರಲಿಲ್ಲ. ಇನ್ನೂ ಕಾದಳು. ಬರಲಿಲ್ಲ. ಎದೆಯಲ್ಲಿ ಉಳಿದಿದ್ದ ಕಡೆಯ ಚೂರನ್ನೂ ಹಿಂಡಿ ಹಿಡಿದಳು. ಕಣ್ಣ ಮುಂದೆ ಚುಕ್ಕಿಗಳು ಎದ್ದವು. ಆಗ ಇಬ್ಬರೂ, ನೀರಿನಿಂದ ಮೇಲೆದ್ದವರ ಹಾಗೆ, ಒಟ್ಟಿಗೇ ಬಾಯಿ ತೆರೆದು ಉಸಿರೆಳೆದರು. ಸ್ವರ ಪಟ್ಟೆಂದು ಹರಿಯಿತು. ಕೆಳಗಿನ ಯಂತ್ರವೂ ಅದೇ ಹೊತ್ತಿಗೆ ನಿಂತಿದ್ದರಿಂದ ಆ ಮೌನ ಇನ್ನಷ್ಟು ದೊಡ್ಡದಾಗಿ ಕೇಳಿಸಿತು.

"ಹೋಲ್ಡಾನ್!" ಕಂಡಕ್ಟರ್ ನಕ್ಕರು. "ಇಬ್ಬರೂ ಒಂದೇ ಸ್ಟಾಪಲ್ಲಿ ಇಳಿದ್ರೆ ಬಸ್ಸು ಖಾಲಿ ಅಲ್ವಾ?"

ಇನ್ನೊಮ್ಮೆ ಹಾಡಿದರು. ಇನ್ನೊಮ್ಮೆ ಹರಿಯಿತು. ಕಂಡಕ್ಟರ್ ನಗುವುದನ್ನು ಬಿಟ್ಟರು. ಅಭ್ಯಾಸ ಮುಗಿದ ಮೇಲೆ ಪರದೆಯಕ್ಕನನ್ನು ಕಿಟಕಿಯ ಹತ್ತಿರ ಕರೆದು ತಗ್ಗಿದ ದನಿಯಲ್ಲಿ ಹೇಳಿದರು:

"ನಿಮ್ಮ ಮನೆ ವಿಷಯಕ್ಕೆ ನಾನು ತಲೆ ಹಾಕಲ್ಲಮ್ಮ. ಆದ್ರೆ ಹಾಡಿಗೆ ಸರದಿ ಬೇಕು, ಸರದಿಗೆ ಮಾತು ಬೇಕು. ನಾಳಿದ್ದು ಮಂದಿರದಲ್ಲಿ ಹಾಡೋದು, ಅಷ್ಟರೊಳಗೆ ಮಾತಾಡ್ಕೊಂಡ್ರೆ ಸರಿ. ಇಲ್ದಿದ್ರೆ ನೀವು ಇನ್ಮೇಲೆ ಮೇಲ್ದನಿ ಕಡೆ ಹೋಗಿ. ಕಡೇ ಸಾಲು ಹಾರ್ಮೋನಿಯಂ ಹಿಡ್ಕೊಳ್ಳುತ್ತೆ. ಅದಕ್ಕೆ ಓರಗಿತ್ತಿ ಇಲ್ಲ."

ಮೆಟ್ಟಿಲು ಇಳಿಯುವಾಗ ಅವಳ ಎಡತೋಳು ತಣ್ಣಗಾಯಿತು. ಮೇಲ್ದನಿಯ ಸಾಲು ಕೋಣೆಯ ಆಚೆ ತುದಿಯಲ್ಲಿ. ಅಲ್ಲಿಂದ ಓರಗಿತ್ತಿಯ ಉಸಿರು ಕೇಳುವುದಿಲ್ಲ. ಮಾತು ಹೋದ ದಿನ ಅವಳಿಗೆ ಇಷ್ಟು ಭಯವಾಗಿರಲಿಲ್ಲ. ಮಾತು ಹೋದರೂ ಪಕ್ಕ ಇತ್ತು. ಈಗ ಪಕ್ಕವೂ ಹೋಗುವುದಿತ್ತು.

ಮನೆಯಲ್ಲಿ ಗಂಡ ತಟ್ಟೆ ತೊಳೆದು ಒರೆಸುತ್ತಿದ್ದ. ನಡೆದದ್ದನ್ನೆಲ್ಲ ಕೇಳಿ, "ಹೋಗಿ ಮಾತಾಡು" ಎಂದ.

"ಅವಳು ಅವತ್ತು ಅಂದಿದ್ದು ಮರೆತ್ರಾ?"

"ಒಂದೇ ಅಕ್ಷರ ಕಣೇ ಅದು. ಪೂರ್ತಿ ವಾಕ್ಯ ಅಂದಿದ್ರೆ ನನ್ನ ಗತಿ ಏನಾಗ್ತಿತ್ತೋ!"

ನಿಜಕ್ಕೂ ಅದು ಒಂದೇ ಅಕ್ಷರ. ಅತ್ತೆ ಕಡೆಯ ದಿನಗಳಲ್ಲಿ ಇದ್ದದ್ದು ಕಿರಿಯ ಮಗನ ಮನೆಯಲ್ಲಿ. ಪರದೆಯಕ್ಕ ಹಗಲು ಹೊಲಿದು ರಾತ್ರಿಯೆಲ್ಲ ಅಲ್ಲಿ ಹಾಸಿಗೆಯ ಪಕ್ಕ ಕೂರುತ್ತಿದ್ದಳು. ತೀರಿಕೊಂಡ ಮರುದಿನ ನೆಂಟರು ಬಂದಾಗ ಯಾರೋ ಕೇಳಿದರು: "ಯಾರಮ್ಮ ನೋಡ್ಕೊಂಡಿದ್ದು?" ಓರಗಿತ್ತಿ ಹೇಳಿದಳು: "ನಾನೇ ನೋಡ್ಕೊಂಡೆ." ಅಡುಗೆಮನೆಯಲ್ಲಿ ಲೋಟಗಳಿಗೆ ಚಹಾ ಬಗ್ಗಿಸುತ್ತಿದ್ದ ಪರದೆಯಕ್ಕನಿಗೆ ಅದು ಕೇಳಿಸಿತು. ನಾವು ಅಂದಿದ್ದರೆ ಮುಗಿದೇ ಹೋಗುತ್ತಿತ್ತು. ನಾನು ಅಂದಿದ್ದರೂ ನುಂಗಿಕೊಳ್ಳಬಹುದಿತ್ತು. ನಾನೇ! ಆ ಏಕಾರ ಗಂಟಲಲ್ಲಿ ಮುಳ್ಳಾಗಿ ಕೂತಿತು.

ಬೇರೆ ಯಾರಾದರೂ ಆಗಿದ್ದರೆ ಕೇಳಿ ಮರೆಯುತ್ತಿದ್ದರೇನೋ. ಅವಳದು ಪದ್ಯ ಕೇಳಿ ಬೆಳೆದ ಕಿವಿ. ಅವಳ ಅಪ್ಪ ದೀಪ ಹಚ್ಚಿದ ಮೇಲೆ ಮಕ್ಕಳನ್ನು ಕೂರಿಸಿಕೊಂಡು ದೇವರ ಪದ್ಯ ಓದುವರು, ಓದಿಸುವರು. ಒಂದು ದೀರ್ಘ ಕುಗ್ಗಿದರೆ, ಒಂದು ಒತ್ತು ಜಾರಿದರೆ, ಮೊದಲಿನಿಂದ. "ಅಕ್ಷರಕ್ಕೆ ಜೀವ ಇದೆ ಮಗಾ, ಮೆತ್ತಗೆ ಹಿಡಿ" ಎನ್ನುವರು. ಹಾಗೆ ಕಲಿತವಳು ಒಂದು ಏಕಾರವನ್ನು ಬರಿಯ ಏಕಾರ ಎಂದು ಹೇಗೆ ಬಿಟ್ಟಾಳು? ತಿದ್ದಿ ಹೇಳಲಿ ಎಂದು ಕಾದಳು. ಓರಗಿತ್ತಿ ತಿದ್ದಲಿಲ್ಲ. ಇವಳು ಆ ಮನೆಗೆ ಹೋಗುವುದನ್ನು ಬಿಟ್ಟಳು. ಬಿಟ್ಟದ್ದು ಹಾಗೇ ಉಳಿಯಿತು.

ಮರುದಿನ ಮಧ್ಯಾಹ್ನ ಅರ್ಧ ಹೊಲಿದ ಪರದೆಯನ್ನು ಯಂತ್ರದ ಮೇಲೇ ಬಿಟ್ಟು ಅವಳು ಓರಗಿತ್ತಿ ಕೆಲಸ ಮಾಡುವ ಕನ್ನಡಕದ ಅಂಗಡಿಗೆ ಹೋದಳು.

ಅಂಗಡಿಯ ತುಂಬ ಕನ್ನಡಿ, ಕನ್ನಡಿಗಳ ತುಂಬ ಕಣ್ಣಿಲ್ಲದ ಕನ್ನಡಕಗಳು. ಮುಂದಿನ ಮೇಜಿನಲ್ಲಿ ಮಾಲೀಕ. ಒಳಗಿನ ಅರೆಗತ್ತಲೆಯ ಕೋಣೆಯಲ್ಲಿ ಬಿಳಿ ಕೋಟು ತೊಟ್ಟ ಓರಗಿತ್ತಿ. ಇವಳನ್ನು ಕಂಡು ಒಂದು ಕ್ಷಣ ಅವಳ ಕೈ ಗಾಜು ಒರೆಸುವುದನ್ನು ಮರೆಯಿತು. ಆಮೇಲೆ ಗಿರಾಕಿಗಳಿಗೆ ಇಟ್ಟುಕೊಂಡಿದ್ದ ಬಹುವಚನ ಹೊರಬಂತು.

"ಕೂತ್ಕೊಳ್ಳಿ. ಏನು ತೊಂದರೆ?"

"ಸೂಜಿಗೆ ದಾರ ಪೋಣಿಸೋಕೆ ಆಗ್ತಿಲ್ಲ."

"ಯಾವಾಗಿಂದ?"

"ಬಹಳ ವರ್ಷ ಆಯ್ತು."

"ಮುಂಚೆನೇ ಬರ್ಬೇಕಿತ್ತು."

"ಬರ್ಬೇಕಿತ್ತು."

ಓರಗಿತ್ತಿ ಗಾಜು ಬದಲಿಸುವ ಭಾರದ ಚೌಕಟ್ಟನ್ನು ತಂದು ಅವಳ ಮೂಗಿನ ಮೇಲಿಟ್ಟಳು. ಬೆರಳು ಕಿವಿಯ ಹಿಂದಿನ ಕೂದಲನ್ನು ಸರಿಸಿತು. ಗೋಡೆಯ ಮೇಲೆ ಅಕ್ಷರಗಳು ಬೆಳಗಿದವು, ದೊಡ್ಡವು ಮೇಲೆ, ಕೆಳಕೆಳಗೆ ಸಣ್ಣವು, ತೀರ ಕೆಳಗಿನವು ಇರುವೆಸಾಲು. ಕತ್ತಲೆಯಲ್ಲಿ ಗಾಜುಗಳು ಟಕ್ ಟಕ್ ಎಂದು ಬದಲಾದವು.

"ಇದು ಸ್ಪಷ್ಟನಾ, ಇದಾ?"

"ಮೊದಲನೇದು."

"ಈಗ?"

"ಎರಡೂ ಒಂದೇ ಥರ ಇದೆ."

"ಜೋರಾಗಿ ಉಸಿರು ಬಿಡ್ಬೇಡಿ. ಗಾಜು ಮಂಜಾಗುತ್ತೆ."

"ನೆನ್ನೆ ನೀನು ಯಾಕೆ ಉಸಿರು ತಗೊಳ್ಲಿಲ್ಲ?"

ಟಕ್ ಎಂಬುದು ನಿಂತಿತು. ಗಾಜಿನ ಮಸುಕಿನಾಚೆ ಓರಗಿತ್ತಿಯ ಮುಖ ನೀರಿನೊಳಗಿನ ಮುಖದಂತೆ ಅಲುಗಿತು.

"ನೀವು ಮೊದಲು ತಗೊಳ್ಳಲಿ ಅಂತ. ಚಳಿಗಾಲ ಪೂರ್ತಿ ಕೆಮ್ತಾ ಇದ್ರಿ."

"ಯಾವಾಗ್ಲೂ ನೀನು ಮೊದಲು ತಾನೇ? ನಾನು ಕಾಯೋದು."

"ಗೊತ್ತು."

"ಏನು ಗೊತ್ತು?"

"ನೀವು ಕಾಯ್ತೀರಿ ಅಂತ. ಪಕ್ಕದಲ್ಲಿ ನಿಂತಿರೋಳಿಗೆ ಅಷ್ಟೂ ಗೊತ್ತಾಗಲ್ವಾ? ಒಂದು ಸಲನಾದ್ರೂ ನಾನು ಕಾಯೋಣ ಅಂದ್ಕೊಂಡೆ. ಹಾಳಾಯ್ತು."

ಪರದೆಯಕ್ಕ ಗೋಡೆಯ ಅಕ್ಷರಗಳನ್ನೇ ನೋಡುತ್ತ ಕೂತಳು. ಆಮೇಲೆ ಅವುಗಳಿಗೇ ಹೇಳುವವಳಂತೆ ಹೇಳಿದಳು: "ಅವತ್ತು ನೀನು 'ನಾನೇ' ಅಂದೆ."

"ಯಾವತ್ತು? ಏನು ನಾನೇ?"

"ನೆಂಟರ ಮುಂದೆ. ಅತ್ತೆನ ನಾನೇ ನೋಡ್ಕೊಂಡೆ ಅಂದೆ."

ಓರಗಿತ್ತಿ ನಿಜವಾಗಿಯೂ ಯೋಚಿಸಿದಳು. ಹುಬ್ಬು ಗಂಟಿಕ್ಕಿ, ಕೈಯಲ್ಲಿದ್ದ ಗಾಜನ್ನು ತಿರುಗಿಸುತ್ತ.

"ಅಂದ್ನಾ? ಅಂದಿರ್ತೀನಿ. ಅವತ್ತು ನನ್ನ ಬಾಯಿ ನನ್ನ ಹತ್ರ ಇರ್ಲಿಲ್ಲ." ಇದ್ದಕ್ಕಿದ್ದಂತೆ ಅವಳ ದನಿ ಏರಿತು. "ಅದಕ್ಕಾ? ನೀನು ಮನೆಗೆ ಬರೋದು ಬಿಟ್ಟಿದ್ದು ಅದಕ್ಕಾ ಅಕ್ಕಾ? ಅತ್ತೆ ಇಲ್ದ ಮನೇಲಿ ನನಗೇನು ಕೆಲಸ ಅಂತ ನೀನು ಬಿಟ್ಟೆ ಅಂದ್ಕೊಂಡಿದ್ದೆ ನಾನು. ಅವರಿಗೋಸ್ಕರ ಬರ್ತಿದ್ಲು, ನನಗಲ್ಲ, ಅಂತ."

ಬಹುವಚನ ಎಲ್ಲೋ ಜಾರಿ ಬಿದ್ದಿತ್ತು. ಇಬ್ಬರೂ ಅದನ್ನು ಹೆಕ್ಕಲು ಬಗ್ಗಲಿಲ್ಲ. ಭಾರದ ಚೌಕಟ್ಟಿನ ಒಳಗೆ ಪರದೆಯಕ್ಕನ ಕಣ್ಣು ತುಂಬಿ, ಗೋಡೆಯ ಅಕ್ಷರಗಳೆಲ್ಲ ಒಂದಕ್ಕೊಂದು ಕೂಡಿಕೊಂಡು ತೇಲಿದವು.

"ಕೇಳ್ಬಾರ್ದಿತ್ತಾ ನನ್ನ?"

"ನೀನು ಹೇಳ್ಬಾರ್ದಿತ್ತಾ?"

"ಸರಿ ಬಿಡು. ಈಗ ಸರದಿ ಹೇಳು. ಮೊದಲು ನೀನು."

"ಬೇಡ, ನೀನು. ನಿಂಗೆ ಕೆಮ್ಮು."

"ಕೆಮ್ಮು ಹೋಗಿ ವಾರ ಆಯ್ತು."

"ಎಲ್ಲಿ ಹೋಯ್ತು? ಎದೆಯೊಳಗೆ ಕೂತಿದೆ. ನಂಗೆ ಕೇಳುತ್ತೆ."

"ನಂದು ನಂಗೆ ಗೊತ್ತಿಲ್ವೇನೇ? ಮೊದಲು ನೀನು ಅಂದ್ರೆ ನೀನು. ಮೇಲ್ದನಿ ನಿಂತ ಕೂಡ್ಲೇ ತಗೋ. ನೀನು ವಾಪಸು ಬಂದ್ಮೇಲೆ ನಾನು."

"ಹಟಮಾರಿ" ಎಂದು ಓರಗಿತ್ತಿ ತಲೆಯಾಡಿಸಿದಳು.

ಹೊರಗಿನಿಂದ ಮಾಲೀಕ ಕೂಗಿದ: "ಎಷ್ಟೊತ್ತಮ್ಮಾ? ಒಂದು ಜೊತೆ ಕಣ್ಣು ತಾನೇ?"

"ಹಳೇ ಕಣ್ಣು ಸಾರ್, ನಿಧಾನ ಆಗುತ್ತೆ!" ಎಂದು ಓರಗಿತ್ತಿ ಕೂಗಿ, ಕೋಟಿನ ತೋಳಿನಿಂದಲೇ ಮೂಗು ಒರೆಸಿಕೊಂಡಳು.

ಪ್ರಾರ್ಥನಾ ಮಂದಿರ ಕಲ್ಲಿನದು. ಎತ್ತರದ ಚಾವಣಿ, ಅದರ ಕೆಳಗೆ ಸಂಜೆಯ ಬೆಳಕು ಹೊಗೆಯಂತೆ ನಿಂತಿತ್ತು. ಹಾಡಿದ್ದು ಮೇಲೆ ಹೋಗಿ, ಅಲ್ಲಿ ಸ್ವಲ್ಪ ಹೊತ್ತು ಕೂತು, ಬೇರೆಯಾರದೋ ದನಿಯಾಗಿ ಕೆಳಗೆ ಇಳಿಯುತ್ತಿತ್ತು. ಕಂಡಕ್ಟರ್ ಅಲ್ಲಿ "ರೈಟ್" ಅನ್ನಲಿಲ್ಲ. ಬರಿಯ ಕೈ ಎತ್ತಿದರು. ಕೂತವರ ಮುಖಗಳು ಪರದೆಯಕ್ಕನಿಗೆ ಕಾಣುತ್ತಿರಲಿಲ್ಲ. ಹೊಳೆಯ ಆಚೆ ದಡದಲ್ಲಿ ಹಚ್ಚಿಟ್ಟ ದೀಪಗಳ ಹಾಗೆ ಅಲ್ಲೊಂದು ಇಲ್ಲೊಂದು ಬಿಳುಪು ಮಾತ್ರ. ನೆಲ ಇಲ್ಲಿ ಗುಂಯ್‌ಗುಡದೆ ತಣ್ಣಗೆ ಸುಮ್ಮನಿತ್ತು. ಅವಳಿಗೆ ತಾನು ನಿಂತಿದ್ದೇನೆಯೋ ತೇಲುತ್ತಿದ್ದೇನೆಯೋ ತಿಳಿಯಲಿಲ್ಲ. ತೋಳಿಗೆ ತಾಗಿದ ತೋಳೊಂದೇ ಗುರುತು.

'ನಿನ್ನ ಮೌನದ ಮಡಿಲಲಿ...' ಕೆಳದನಿ ಕಲ್ಲಿನೊಳಗೆ ಇಂಗಿತು. ಮೇಲ್ದನಿ ಚಾವಣಿಯಲ್ಲಿ ಕರಗಿತು. ಉಳಿದದ್ದು 'ನಾ'.

ಈಗ ಓರಗಿತ್ತಿಯ ಸರದಿ. ಪರದೆಯಕ್ಕ ಹಿಡಿದಿರಬೇಕು. ಆದರೆ ಅದೇ ಗಳಿಗೆಗೆ ಎದೆಯ ಆಳದಲ್ಲಿ ಕೆಮ್ಮು ಕಣ್ಣು ಬಿಟ್ಟಿತು. ಹೋಗಿಯೇ ಬಿಟ್ಟಿತೆಂದು ಅವಳು ಹಟದಿಂದ ಹೇಳಿದ್ದ ಕೆಮ್ಮು. ಅದು ಗಂಟಲವರೆಗೆ ಏರಿತು. ಹಾಡಿದರೆ ಅದು ಸಿಡಿಯುವುದು. ಬಿಟ್ಟರೆ, ಓರಗಿತ್ತಿಯೂ ಉಸಿರಿಗಾಗಿ ಬಿಟ್ಟಿರುವ ಹೊತ್ತು ಇದು, ಸ್ವರ ಹರಿಯುವುದು. ಎರಡು ದಾರಿ, ಎರಡೂ ಕೆಡುಕು. ದೇವರೇ ಎಂದುಕೊಂಡು ಅವಳು ಬಾಯಿ ಮುಚ್ಚಿದಳು.

ಹರಿಯಲಿಲ್ಲ.

'ನಾ' ಅಲ್ಲೇ ಇತ್ತು. ಎಡಗಡೆಯಿಂದ, ಒಂಟಿಯಾಗಿ, ಸ್ವಲ್ಪವೂ ಅಲುಗದೆ. ಓರಗಿತ್ತಿ ತನ್ನ ಸರದಿಯನ್ನು ತೆಗೆದುಕೊಂಡೇ ಇರಲಿಲ್ಲ. ಒಪ್ಪಿಕೊಂಡಂತೆ ತಲೆಯಾಡಿಸಿ, ಒಳಗೊಳಗೇ ಕಾಯುವುದೆಂದು ತೀರ್ಮಾನ ಮಾಡಿಕೊಂಡು ಬಂದಿದ್ದಳು, ಕಳ್ಳಿ. ಪರದೆಯಕ್ಕ ಉಗುಳು ನುಂಗಿದಳು. ಕೆಮ್ಮು ಹಿಂದಕ್ಕೆ ಸರಿದು ಮಲಗಿತು. ಉಸಿರು ತಣ್ಣಗೆ ಒಳಗೆ ಬಂತು, ಬೇಕಾದಷ್ಟು ಬಂತು. ಕೂಡಲೇ ಸೇರಿಕೊಳ್ಳಬಹುದಿತ್ತು. ಅವಳು ಸೇರಿಕೊಳ್ಳಲಿಲ್ಲ. ಇಷ್ಟು ವರ್ಷ ಈ ಸ್ವರದ ಒಳಗೇ ಇದ್ದವಳಿಗೆ ಅದು ಹೊರಗಿನಿಂದ ಹೇಗಿದೆ ಎಂದು ಗೊತ್ತೇ ಇರಲಿಲ್ಲ. ಈಗ ಕೇಳಿದಳು. ಅದು ಓರಗಿತ್ತಿಯ ದನಿಯೂ ಆಗಿತ್ತು, ತನ್ನದೂ ಆಗಿತ್ತು, ಅದರ ಅಡಿಯಲ್ಲೆಲ್ಲೋ ಅತ್ತೆಯ ತುಸು ಒಡೆದ ದನಿಯೂ ಇತ್ತು. ತಾನು ಬಾಯಿ ಮುಚ್ಚಿದ್ದಾಗಲೂ ತಾನು ಅಲ್ಲಿ ಇದ್ದಳು. ಇದಕ್ಕೇ ಅಲ್ಲವೇ ತಾನು ಇಷ್ಟು ದಿನ ಪ್ರಾರ್ಥಿಸಿದ್ದು ಎಂದು ಅವಳಿಗೆ ಅನ್ನಿಸಿತು. ಅನ್ನಿಸಿದ್ದೂ ಮಾತಿನಲ್ಲಲ್ಲ, ಬೆಚ್ಚಗಿನ ನೀರು ಮೈಮೇಲೆ ಹರಿದ ಹಾಗೆ.

ಆಗ ಹಾಳೆ ತಿರುವುವಷ್ಟು ಸಣ್ಣ ಸದ್ದು. ಪರದೆಯಕ್ಕ 'ನಾ'ದೊಳಕ್ಕೆ ಇಳಿದಳು. ಓರಗಿತ್ತಿ ಬಿಟ್ಟಳು, ಉಸಿರು ತುಂಬಿಕೊಂಡಳು, ಮರಳಿದಳು. ಕಂಡಕ್ಟರ್ ಕೈ ಮೆಲ್ಲಗೆ ಕೆಳಗಿಳಿಯಿತು. ಇಬ್ಬರೂ ಕೂಡಿ ಆ ಭಾರದ ಅಕ್ಷರವನ್ನು, ಮಲಗಿದ ಮಗುವನ್ನು ತೊಟ್ಟಿಲಿಗೆ ಇಳಿಸುವ ಹಾಗೆ, 'ವು' ಎಂದು ಇಳಿಸಿದರು.

ಓರಗಿತ್ತಿ ತುಟಿ ಅಲುಗಿಸದೆ ಪಿಸುಗುಟ್ಟಿದಳು: "ಅಕ್ಕಾ, ಅಷ್ಟೊತ್ತು ಎಲ್ಲಿ ಹೋಗಿದ್ದೆ? ಜೀವ ಹೋಗೋದಿತ್ತು ನಂದು."

"ಇಲ್ಲೇ ಇದ್ದೆ."

"ಸರದಿ ತಪ್ಪಿಸ್ದೆ ನೀನು."

"ಮೊದಲು ತಪ್ಪಿಸಿದ್ದು ಯಾರು?"

"ನಾನು ತಪ್ಪಿಸ್ದೆ ಇದ್ದಿದ್ರೆ ಏನಾಗ್ತಿತ್ತು ಹೇಳು! ಕೆಮ್ಮಿಲ್ವಂತೆ ಕೆಮ್ಮು."

ಜಗಳ ಹಾಗೇ ಮುಂದುವರಿಯಿತು, ಬಾಗಿಲು ದಾಟುವಾಗಲೂ, ಬೀದಿಯಲ್ಲೂ. ಕಂಡಕ್ಟರ್ ಏನೋ ಹೊಗಳಲು ಹತ್ತಿರ ಬಂದವರು, ನಡುವೆ ಬಾಯಿ ಹಾಕಲು ಸಂದು ಸಿಗದೆ ಕೈ ಬೀಸಿ ಹೊರಟುಹೋದರು. ಬೀದಿ ಕವಲಾಗುವ ಮೂಲೆ ಬಂತು. ಎಡಕ್ಕೆ ಓರಗಿತ್ತಿಯ ಮನೆ, ಬಲಕ್ಕೆ ಪರದೆಯಕ್ಕನದು. ಓರಗಿತ್ತಿಯ ಮಾತಿನ್ನೂ ಅರ್ಧದಲ್ಲಿತ್ತು. ಅದು ಮುಗಿಯಲಿ ಎಂದು ಪರದೆಯಕ್ಕ ಅವಳ ಜೊತೆಗೇ ಎಡಕ್ಕೆ ತಿರುಗಿದಳು.